ಒಬ್ಬಳ ಎರಡು ನೋಟ್‌ಬುಕ್ಕು

ಅವತ್ತು ನಾನೂ ಪ್ಯಾಂಟು ಮಡಚಿ ಗದ್ದೆಗೆ ಇಳಿದೆನೆಂದು ನನ್ನ ನೆನಪು ಹೇಳುತ್ತದೆ. ಅದನ್ನು ಪೂರ್ತಿ ನಂಬಲಾರೆ. ಆ ನೆನಪಿನಲ್ಲಿ ನಾನು ಸ್ವಲ್ಪ ಹೆಚ್ಚೇ ಒಳ್ಳೆಯವನಾಗಿ ಕಾಣುತ್ತೇನೆ.

ನಮ್ಮ ಆ ವಿದ್ಯಾರ್ಥಿನಿ ದೇವದುರ್ಗದ ಕಡೆಯವಳು, ಗಬ್ಬೂರಿನ ಕೂಲಿ ಮನೆತನದ ಹುಡುಗಿ. ಮಾನ್ವಿ ಸೀಮೆಯ ಕಾಲುವೆ ನೀರಿನ ಗದ್ದೆಗಳು ಉಪ್ಪೇರಿ ಸವಳಾಗುವುದರ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಮಾರ್ಗದರ್ಶಕರು ಇಬ್ಬರು: ಮಣ್ಣಿಗೆ ಮಣ್ಣುವಿಜ್ಞಾನದ ನನ್ನ ಗೆಳೆಯ, ಜನರ ಮಾತಿಗೆ ಸಮಾಜಶಾಸ್ತ್ರದ ನಾನು. ಅವಳಿಂದ ಎರಡು ನೋಟ್‌ಬುಕ್ ಇಡಿಸಿದ್ದೆವು. ಅವನು ಅಂಕಿಯದನ್ನು ಓದುತ್ತಿದ್ದ, ನಾನು ಮಾತಿನದನ್ನು. ಶಾಸ್ತ್ರಗಳ ನಡುವಿನ ಗೋಡೆ ಬೀಳಬೇಕೆಂದು ರಾಯಚೂರಿನಲ್ಲಿ ಇಬ್ಬರೂ ಭಾಷಣ ಮಾಡುತ್ತಿದ್ದೆವು.

ಹಿರೇಕೊಟ್ನೆಕಲ್ಲಿನ ಒಂದು ಗದ್ದೆ ನಮ್ಮನ್ನು ಜಗಳಕ್ಕೆ ಹಚ್ಚಿತು. ಭತ್ತದ ಸಸಿ ಹಚ್ಚುವ ಹೆಂಗಸರು ಅದು ಸವಳು ಎಂದಿದ್ದರು. ಮಣ್ಣಿನ ಪರೀಕ್ಷೆ ಅಲ್ಲ ಎಂದಿತ್ತು. ಹೆಂಗಸರ ಮಾತಿನ ಅಧ್ಯಾಯ ಕೈಬಿಡದೆ ಪ್ರಬಂಧಕ್ಕೆ ಸಹಿ ಹಾಕುವುದಿಲ್ಲ ಎಂದ ಗೆಳೆಯ. ಕೈಬಿಟ್ಟರೆ ನಾನು ಹಾಕುವುದಿಲ್ಲ ಎಂದೆ. ನಡುವೆ ಸಿಕ್ಕಿಕೊಂಡದ್ದು ಅವಳ ಎರಡು ವರ್ಷದ ಓಡಾಟ.

ಕೊನೆಗೆ ಅವಳೇ ನಮ್ಮಿಬ್ಬರನ್ನೂ ಅಲ್ಲಿಗೆ ಕರೆದೊಯ್ದಳು. ಸಸಿ ತುಳಿಯಬೇಡ ಎಂದು ನಾವೇ ಹೇಳಿದ್ದರಿಂದ ಮೊದಲ ಸಲ ಬದುವಿನ ಮಗ್ಗುಲಲ್ಲೇ ಮಣ್ಣು ತೆಗೆದಿದ್ದಳಂತೆ. ಸಸಿ ಹಚ್ಚುತ್ತಿದ್ದ ಮುದುಕಿಯೊಬ್ಬಳು ಬೆನ್ನು ಎತ್ತದೆ ಅಂದಳು:

"ದಂಡ್ಯಾಗ ನಿಂತ್ರ ಏನ್ ತಿಳಿತದ ಯವ್ವಾ? ನಡುವ ಬಾ. ಸಾಹೇಬ್ರನ್ನೂ ಕರ್ಕೊಂಡು ಬಾ, ಬೂಟು ಬಿಚ್ಚಿಸಿ."

ಉಳಿದವರು ನಕ್ಕರು. ಹುಡುಗಿ ಚಪ್ಪಲಿ ಬಿಟ್ಟು ಇಳಿದು, ನಡುವೆ ತುಸು ಎತ್ತರವಿದ್ದಲ್ಲಿ ಹೋಗಿ ನಿಂತಳು. ರಜೆಯಲ್ಲಿ ಅವಳೂ ಕೂಲಿಗೆ ಹೋಗುತ್ತಿದ್ದಳು, ಹಿಮ್ಮಡಿ ಒಡೆದಿದ್ದವು.

"ಇಲ್ಲಿ ಉರಿತದ ಸರ್," ಎಂದಳು. ಆಮೇಲೆ ಮೆಲ್ಲಗೆ, "ಮಾತಿನ ನೋಟ್‌ಬುಕ್ಕಿನ್ಯಾಗ ಬರ್ದೀನ್ರಿ. ನೀವಿಬ್ರೂ ಒಂದೊಂದೇ ಓದೀರಿ."

ನಿಜ. 'ನಡುವ ಕಾಲು ಉರಿತದ' ಎಂಬ ಸಾಲಿಗೆ, ಚೆಂದದ ಮಾತೆಂದು, ನಾನೇ ಗೀಟು ಹಾಕಿದ್ದೆ. ಅದು ಮಣ್ಣು ತೆಗೆಯಬೇಕಾದ ಜಾಗದ ಗುರುತು ಎಂದು ಹೊಳೆದಿರಲಿಲ್ಲ.

ಗೆಳೆಯ ಬೂಟಿನ ಲೇಸು ಬಿಚ್ಚತೊಡಗಿದ. ನಾನು ಇಳಿದೆನೋ, ಬದುವಿನ ಮೇಲೆ ಅವರ ಚಪ್ಪಲಿ, ಬೂಟು ಕಾಯುತ್ತ ನಿಂತೆನೋ. ಅವತ್ತು ನಡುವಿನಿಂದ ತಂದ ಮಣ್ಣನ್ನು ಪರೀಕ್ಷೆಯೂ ಸವಳು ಎಂದ ಮೇಲೆ ಇಬ್ಬರೂ ಸಹಿ ಹಾಕಿದೆವು, ಅಧ್ಯಾಯ ಉಳಿಯಿತು. ಆಕೆ ಈಗ ಸಿರವಾರದಲ್ಲಿ ಪಾಠ ಹೇಳುತ್ತಾಳೆ. ಅವತ್ತು ನಾನೂ ಇಳಿದಿದ್ದೆನಾ ಎಂದು ಕೇಳಿದರೆ "ನೀವಾ ಸರ್?" ಎಂದು ನಗುತ್ತಾಳೆ, ಅಷ್ಟೇ.

ಹೋದ ತಿಂಗಳು ಪ್ರಯೋಗಾಲಯದ ಹಳೆಯ ರಿಜಿಸ್ಟರ್ ತೆಗೆಸಿ ನೋಡಿದೆ. ಆ ಗದ್ದೆಯ ಎರಡನೇ ಸಲದ ಮಣ್ಣಿನ ಮುಂದೆ, ಎಲ್ಲಿಂದ ತೆಗೆದದ್ದು ಎಂಬ ಕಾಲಮ್ಮಿನಲ್ಲಿ, ಗೆಳೆಯನ ಅಕ್ಷರ ಇದೆ: 'ಹೆಂಗಸರ ಕಾಲು ಉರಿಯುವಲ್ಲಿ.'