ಅಮ್ಮ ನನ್ನನ್ನು ‘ನೀವು’ ಎಂದದ್ದು

ಡಿಗ್ರಿಯ ಮೊದಲ ವರ್ಷ ನಾನು ಫೇಲಾದದ್ದು ಕನ್ನಡದಲ್ಲಿ. ಇಂಗ್ಲಿಷನ್ನು ಬಾಯಿಪಾಠ ಮಾಡಿ ಹೇಗೋ ದಾಟಿಸಿದ್ದೆ. ಕನ್ನಡ ನಮ್ಮದೇ ತಾನೇ ಎಂದು ಪುಸ್ತಕ ಮುಟ್ಟಿರಲಿಲ್ಲ.

ಕೆಂಚಾರ್ಲಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮಾತು ತೆಲುಗು, ಓದು ಕನ್ನಡ. ಎರಡೂ ತಲೆಯಲ್ಲಿ ಕಲೆತುಹೋಗಿ ಯಾವ ಪದ ಯಾವುದರದ್ದೆಂದು ನನಗೇ ಗೊತ್ತಾಗುತ್ತಿರಲಿಲ್ಲ. ಆದರೆ ಭಾಷಾ ಪತ್ರಿಕೆಯಲ್ಲಿ ಪಾಸಾಗದೆ ಡಿಗ್ರಿಯಿಲ್ಲ. ಪ್ರಬಂಧ, ಪತ್ರ, ಸಾರಾಂಶ ಬರೆಯಬೇಕು. ಸಾಲದ್ದಕ್ಕೆ ತರಗತಿಯಲ್ಲಿ ಎದ್ದು ನಿಂತು ಮಾತನಾಡಬೇಕು. ಈ ಸಲವೂ ಹೋದರೆ ಚಿಂತಾಮಣಿ ಕಾಲೇಜಿನ ಬಸ್ಸು ಮರೆತು ಹಿಪ್ಪುನೇರಳೆ ತೋಟಕ್ಕೆ ಇಳಿ ಎಂದು ಅಪ್ಪ ಹೇಳಿಯಾಗಿತ್ತು.

ಒಮ್ಮೆ ಪ್ರಬಂಧದಲ್ಲಿ ‘ಹಳ್ಳಿಯ ಹೆಣ್ಣುಮಕ್ಕಳಿಗೆ ವಿದ್ಯೆ ಬಹಳ ಅವಸರ’ ಎಂದು ಬರೆದಿದ್ದೆ. ತೆಲುಗಿನಲ್ಲಿ ಅವಸರವೆಂದರೆ ಅಗತ್ಯ. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿ, “ಅಷ್ಟೊಂದು ಅವಸರ ಯಾಕಪ್ಪಾ, ಬಸ್ ಹೊರಟೋಗುತ್ತಾ?” ಅಂದರು. ತರಗತಿಯೆಲ್ಲ ನಕ್ಕಿತು. ನಕ್ಕವರಲ್ಲಿ ಅರ್ಧ ಜನರ ಮನೆಮಾತೂ ತೆಲುಗೇ.

ಮೇಷ್ಟ್ರು ಕೆಟ್ಟವರಲ್ಲ. ಆಮೇಲೆ ನನ್ನನ್ನು ಹೊರಗೆ ಕರೆದು, ತಲೆಯಲ್ಲಿ ತೆಲುಗು ಓಡುತ್ತಿದ್ದರೆ ಕೈಗೆ ಕನ್ನಡ ಬರುವುದಿಲ್ಲ, ಮನೆಯಲ್ಲೂ ಕನ್ನಡವನ್ನೇ ಆಡು ಎಂದು ಬುದ್ಧಿ ಹೇಳಿದರು.

ಅವತ್ತು ಸಂಜೆಯೇ ಶುರುಮಾಡಿದೆ. ಅಮ್ಮ ಎಂದಿನಂತೆ “ತಿಂದುವು ರಾರಾ” ಎಂದು ಊಟಕ್ಕೆ ಕರೆದಳು. ಬಂದೆ ಎಂದು ಕನ್ನಡದಲ್ಲಿ ಅಂದೆ. ಅವಳು ನಕ್ಕಳು. ಮರುದಿನವೂ, ಅದರ ಮರುದಿನವೂ ನನ್ನದು ಅದೇ ಪಾಠ. ಅವಳು ತೆಲುಗಿನಲ್ಲಿ ಏನಾದರೂ ಕೇಳಿದರೆ, “ಕನ್ನಡದಲ್ಲಿ ಹೇಳಮ್ಮ, ನನ್ನ ಪರೀಕ್ಷೆ ಹಾಳಾಗುತ್ತೆ” ಎಂದು ರೇಗುತ್ತಿದ್ದೆ. ಪರೀಕ್ಷೆ ಎಂದರೆ ಅಮ್ಮನಿಗೆ ಭಯ. ತಾನು ಬಾಯಿಬಿಟ್ಟರೆ ಮಗ ಫೇಲಾಗುತ್ತಾನೆಂದು ಅವಳು ನಿಜವಾಗಿಯೂ ನಂಬಿಬಿಟ್ಟಳು.

ಅಮ್ಮನಿಗೆ ಕನ್ನಡ ಬರುತ್ತಿತ್ತು, ಆದರೆ ಸ್ವಲ್ಪ. ಹುಳು ನೋಡಲು ಬರುವ ರೇಷ್ಮೆ ಇಲಾಖೆಯವರೊಂದಿಗೆ, ಗೂಡು ಮಾರಲು ಶಿಡ್ಲಘಟ್ಟಕ್ಕೆ ಹೋದಾಗ ಅಲ್ಲಿನ ವ್ಯಾಪಾರಿಗಳೊಂದಿಗೆ ಆಡಿ ಕಲಿತದ್ದು. ಅದರಲ್ಲಿ ಬನ್ನಿ, ಕೂತ್ಕೊಳ್ಳಿ, ನೀರು ಕುಡೀರಿ ಇದ್ದವು. ಬಾರೋ, ಹೋಗೋ ಇರಲಿಲ್ಲ. ಹಾಗಾಗಿ ನನ್ನನ್ನೂ ‘ನೀವು’ ಅನ್ನತೊಡಗಿದಳು. ಊಟ ಮಾಡಿ. ಮಲಗಿ. ಬಸ್ಸು ಸಿಕ್ತಾ ನಿಮಗೆ.

ನನಗದು ತಮಾಷೆಯಾಗಿ ಕಂಡಿತ್ತು. ಒಳಗೊಳಗೆ ಸ್ವಲ್ಪ ಹಿತವಾಗಿಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಮೊದಲೆಲ್ಲ ಸೊಪ್ಪು ಕತ್ತರಿಸುತ್ತಾ ಕೂತರೆ ಅವಳ ಬಾಯಿ ನಿಲ್ಲುತ್ತಿರಲಿಲ್ಲ: ಯಾರ ಎಮ್ಮೆ ಈದಿತು, ಯಾವ ಸೊಸೆ ತವರಿಗೆ ಹೋದಳು, ರಾತ್ರಿ ತನಗೆ ಎಂಥ ಕನಸು ಬಿತ್ತು. ಕನಸು ಹೇಳುವಷ್ಟು ಕನ್ನಡ ಅವಳಲ್ಲಿರಲಿಲ್ಲ. ಮಾತು ಕಡಿಮೆಯಾದದ್ದು ನನಗೆ ಗೊತ್ತಾಗಲೂ ಇಲ್ಲ. ಓದಲು ಒಳ್ಳೆಯದಾಯಿತು ಅಂದುಕೊಂಡೆ.

ಪಾಸಾದೆ. ಮುಂದೆ ಡಿಗ್ರಿಯೂ ಮುಗಿಯಿತು. ನಮ್ಮ ವಂಶದಲ್ಲೇ ಮೊದಲ ಪದವಿ. ಸುಮ್ಮನೆ ಬಂದದ್ದಲ್ಲ, ಅದರ ಹೆಮ್ಮೆ ನನಗೆ ಇವತ್ತಿಗೂ ಇದೆ. ಫಲಿತಾಂಶ ಬಂದ ದಿನ ಓಡಿಬಂದು ಅಮ್ಮನಿಗೆ ತೆಲುಗಿನಲ್ಲೇ ಹೇಳಿದೆ. ಅವಳು ಸೆರಗಿನಿಂದ ಕುರ್ಚಿ ಒರೆಸಿ, “ಕೂತ್ಕೊಳ್ಳಿ” ಅಂದಳು.

ಪರೀಕ್ಷೆಯೆಲ್ಲ ಮುಗಿಯಿತಲ್ಲ, ಇನ್ನು ತೆಲುಗಿನಲ್ಲೇ ಮಾತಾಡಮ್ಮ ಎಂದೆ.

ಅವಳ ಮುಖ ಸಣ್ಣದಾಯಿತು. “ಯಾಕಪ್ಪಾ, ನನ್ ಕನ್ನಡ ತಪ್ಪಾಯ್ತಾ? ತಪ್ಪಿದ್ರೆ ಹೇಳಿ, ತಿದ್ಕೋತೀನಿ.”

ತಪ್ಪೇನಿಲ್ಲಮ್ಮ ಎಂದೆ. ಅದನ್ನು ಕನ್ನಡದಲ್ಲೇ ಅಂದೆ.

ಮೊದಲಿನಂತೆ ‘ರಾರಾ’ ಎಂದೇ ಕರೆಯಮ್ಮ ಎಂದು ಆಮೇಲೆ ಎಷ್ಟೋ ಸಲ ಅವಳನ್ನು ಕೇಳಿಕೊಂಡೆ. ಓದಿದೋರನ್ನ ಹಾಗೆಲ್ಲ ಏಕವಚನದಲ್ಲಿ ಕರೆಯಬಾರದು ಅನ್ನುತ್ತಾಳೆ. ತಂಗಿ ತವರಿಗೆ ಬಂದಾಗ ಇಬ್ಬರೂ ಅಡುಗೆಮನೆಯಲ್ಲಿ ತೆಲುಗಿನಲ್ಲಿ ಏನೇನೋ ಹೇಳಿಕೊಂಡು ನಗುತ್ತಿರುತ್ತಾರೆ. ಕೇಳೋಣವೆಂದು ನಾನು ಬಾಗಿಲಿಗೆ ಹೋಗಿ ನಿಂತರೆ ಅಮ್ಮ ಮಾತು ನಿಲ್ಲಿಸಿ ಎದ್ದು ನಿಲ್ಲುತ್ತಾಳೆ. ಏನಾದ್ರೂ ಬೇಕಿತ್ತಾ ನಿಮಗೆ, ಅನ್ನುತ್ತಾಳೆ.