ಕೊಲಂಬಿಯಾದ ಹೋರಿ

ನನ್ನ ಗಂಡನಿಗೆ ಸೈಕಲ್ ಹೊಡೆಯಲು ಬರುತ್ತದೋ ಇಲ್ಲವೋ, ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಗೊತ್ತಿಲ್ಲ. ಹಂಸಭಾವಿಯ ನಮ್ಮ ಮನೆಯ ಎದುರಿನ ಚಹಾದಂಗಡಿಗೆ ಹೋಗುವುದಕ್ಕೂ ಅವರಿಗೆ ಬೈಕು ಬೇಕು. ಅಂಥವರು ಟೀವಿಯ ಮುಂದೆ ಕಾಲು ಚಾಚಿ ಕೂತು, ಬೆಟ್ಟ ಹತ್ತುತ್ತಿದ್ದ ಕೊಲಂಬಿಯಾ ದೇಶದ ಸೈಕಲ್ ಪಟುವಿಗೆ "ಗೇರ್ ಬದಲ್ ಮಾಡೋ, ಹುಚ್ಚಪ್ಯಾಲಿ!" ಎಂದು ಬುದ್ಧಿ ಹೇಳುತ್ತಿದ್ದರು.

ಈ ಹುಚ್ಚು ಹಚ್ಚಿದವರು ನಮ್ಮ ಮಾವ. ಅವರು ಹೋರಿಯ ಮನುಷ್ಯ. ದೀಪಾವಳಿ ಮುಗಿದ ಮೇಲೆ ನಮ್ಮ ಸೀಮೆಯಲ್ಲಿ ಹೋರಿಗಳಿಗೆ ಕೊಬ್ಬರಿ ಸರ ಕಟ್ಟಿ ಜನರ ನಡುವೆ ಓಡಿಸುತ್ತಾರಲ್ಲ, ಅದೇ ಅವರ ಪ್ರಪಂಚ. ಕೊಬ್ಬರಿ ಕಿತ್ತವನು ಗಂಡಸು. ಒಂದನ್ನೂ ಕೀಳಗೊಡದೆ ದಾಟಿದ ಹೋರಿ ಗೆದ್ದಂತೆ. ಹಾಗೆ ಗೆದ್ದ ಅವರ ಹಳೆಯ ಹೋರಿಯ ಫೋಟೋ ಪಡಸಾಲೆಯಲ್ಲಿ ತೀರಿಹೋದ ಅತ್ತೆಯ ಫೋಟೋದ ಪಕ್ಕಕ್ಕೇ ಇದೆ. ಅತ್ತೆಯದಕ್ಕಿಂತ ಒಂದು ಗೇಣು ದೊಡ್ಡದು.

ಒಂದು ಸಂಜೆ ಮಾವ ಚಾನೆಲ್ ತಿರುಗಿಸುವಾಗ ಯಾವುದೋ ದೇಶದ ಬೆಟ್ಟದ ರಸ್ತೆ ಬಂತು. ಎರಡೂ ಕಡೆ ಕಿಕ್ಕಿರಿದ ಜನ, ಕೂಗುತ್ತ ಪಕ್ಕದಲ್ಲೇ ಓಡುವವರು, ನಡುವಿನ ಸಂದಿಯಲ್ಲಿ ನುಗ್ಗುವ ಸೈಕಲ್ಲುಗಳು.

"ಲೇ, ಇದ್ಯಾವೂರ ಹೋರಿ ಹಬ್ಬೋ?" ಎಂದರು.

"ಸೈಕಲ್ ರೇಸ್ ಐತಪ್ಪಾ," ಎಂದರು ನನ್ನ ಗಂಡ.

"ಹಂಗಾರ ಕೊಬ್ಬರಿ ಎಲ್ಲಿ ಕಟ್ಟ್ಯಾರ?"

ಸರಿಯಾಗಿ ಆಗಲೇ ಆ ಕೊಲಂಬಿಯಾದವನು ಕಾಣಿಸಿದ. ಅಂಗಿಯ ಹಿಂದಿನ ಜೇಬಿನಲ್ಲಿ, ಅಂಗಿಯ ಒಳಗೆ, ಎಲ್ಲೆಂದರಲ್ಲಿ ನೀರಿನ ಬಾಟಲಿ ತುರುಕಿಕೊಂಡು ಗೂನುಬೆನ್ನಿನವನ ಹಾಗಿದ್ದ. "ಅಗೋ, ಬೆನ್ನಿಗೆ ಕಟ್ಟ್ಯಾರ ನೋಡ!" ಎಂದು ಮಾವ ಹಿಗ್ಗಿದರು. ಅಷ್ಟರಲ್ಲಿ ಅವನ ತಂಡದವರು ಒಬ್ಬೊಬ್ಬರೇ ಪಕ್ಕಕ್ಕೆ ಬಂದು ಒಂದೊಂದು ಬಾಟಲಿ ತೆಗೆದುಕೊಂಡು ಹೋದರು. ಮಾವ ತೊಡೆ ಬಡಿದುಕೊಂಡರು. "ಥೂ ನಿನ್ನ! ಎಲ್ಲಾರಿಗೂ ಕೀಳಾಕ ಕೊಟ್ಟಲ್ಲೋ! ಒಂದಾರ ಉಳಸ್ಕೋಬಾರ್ದಾ?"

ಅಂದಿನಿಂದ ಅವನು ನಮ್ಮ ಮನೆಯ ಹೋರಿ. ನಾನು ಕಲಿಸುವ ಶಾಲೆಯ ಬಿಡುವಿನಲ್ಲಿ ಫೋನಿನಲ್ಲಿ ಅವನ ಬಗ್ಗೆ ಓದಿಕೊಂಡು ಬಂದು ಇಬ್ಬರಿಗೂ ಹೇಳುತ್ತಿದ್ದೆ. ಹುಟ್ಟಿದ್ದು ಬೆಟ್ಟದ ಮೇಲಿನ ಆಲೂಗಡ್ಡೆ ಬೆಳೆಯುವ ಊರಿನಲ್ಲಿ. ಹಳೇ ಸೈಕಲ್ಲಿನಲ್ಲಿ ಏರು ಹತ್ತಿ ಹತ್ತಿ ಎದೆ ಗಟ್ಟಿಯಾಗಿ, ತನ್ನ ದೇಶದ ಪಂದ್ಯಗಳನ್ನು ಗೆದ್ದ. ಯುರೋಪಿನ ದೊಡ್ಡ ತಂಡ ಕರೆದಾಗ ಊರಿಗೆ ಊರೇ ಕುಣಿದಿತ್ತಂತೆ. ಅಲ್ಲಿಗೆ ಹೋದಮೇಲೆ ಕೈಗೆ ಬಾಟಲಿ ಕೊಟ್ಟರು. ತಂಡಕ್ಕೊಬ್ಬನೇ ನಾಯಕ, ಉಳಿದವರು ಅವನ ಮುಂದೆ ಸೈಕಲ್ ತುಳಿದು ಗಾಳಿಗೆ ಎದೆಯೊಡ್ಡಬೇಕು, ನೀರು ತರಬೇಕು, ಅವನ ಗಾಲಿ ಕೆಟ್ಟರೆ ತಮ್ಮ ಗಾಲಿ ಬಿಚ್ಚಿಕೊಡಬೇಕು. ಈ ಕೆಲಸಕ್ಕೆ ಅವರಲ್ಲೊಂದು ಫ್ರೆಂಚ್ ಹೆಸರಿದೆ, ಅರ್ಥ ಮನೆಯಾಳು.

"ಆಳಾಗಬಲ್ಲವನು ಅರಸಾಗಬಲ್ಲ," ಎಂದರು ನನ್ನ ಗಂಡ, ತಾವೇ ಕಟ್ಟಿದ ಗಾದೆಯೆಂಬಂತೆ. ವರ್ಷಗಳು ಹೋದವು. ಆಳು ಆಳಾಗಿಯೇ ಉಳಿದ.

ರೇಸು ಬರುವ ಹೊತ್ತು ನನಗೆ ರೊಟ್ಟಿ ಬಡಿಯುವ ಹೊತ್ತು. ಬಿಸಿ ರೊಟ್ಟಿ ಒಯ್ಯುವುದು, ಪಲ್ಯ ಒಯ್ಯುವುದು, ನೀರಿನ ತಂಬಿಗೆ ಒಯ್ಯುವುದು, ಖಾಲಿ ತಾಟು ತರುವುದು. "ಪಾಪ, ಒಬ್ಬನ ಎಷ್ಟ ಓಡ್ಯಾಡ್ತಾನ!" ಎಂದು ತಂದೆ ಮಗ ಇಬ್ಬರೂ ಆ ಕೊಲಂಬಿಯಾದವನಿಗಾಗಿ ಮರುಗುತ್ತಿದ್ದರು, ನನ್ನ ಕೈಯಿಂದ ರೊಟ್ಟಿ ತೆಗೆದುಕೊಳ್ಳುತ್ತ.

ಹೋದ ವರ್ಷ ಶ್ರಾವಣ ಮುಗಿದ ಮೇಲೆ ನನಗೆ ಬಡ್ತಿಯ ಕರೆ ಬಂತು. ತಿಳವಳ್ಳಿಯ ಕಡೆ ಒಂದು ಶಾಲೆಗೆ ಮುಖ್ಯೋಪಾಧ್ಯಾಯಿನಿ. ಮರುದಿನವೇ ಹಾವೇರಿಯ ಕಚೇರಿಗೆ ಹೋಗಿ ಒಪ್ಪಿದೆ ಎನ್ನಬೇಕು. ಹೋಗದಿದ್ದರೆ ಅದು ಪಟ್ಟಿಯಲ್ಲಿ ನನ್ನ ನಂತರದವರ ಪಾಲು. ಹಿಂದೊಮ್ಮೆ ಮೈದುನನ ಮದುವೆಯೆಂದು ಹೀಗೆಯೇ ಬಿಟ್ಟುಕೊಟ್ಟು, ಬಚ್ಚಲಲ್ಲಿ ಕೂತು ಅತ್ತಿದ್ದೆ. ಈ ಸಲ ಬಿಟ್ಟರೆ ಮುಗಿಯಿತು, ನಿವೃತ್ತಿಯೇ. ಗಂಡನಿಗೆ ಬೆಳಗ್ಗೆ ಹೇಳಿದರೆ "ಸಂಜೀಕ ಮಾತಾಡೋಣ" ಎಂದರು.

ಸಂಜೆ ಬಂತು, ಸ್ಪೇನಿನ ರೇಸೂ ಬಂತು. ಎಂದೂ ಇಲ್ಲದ್ದು, ನಮ್ಮ ಹೋರಿ ಎಲ್ಲರಿಗಿಂತ ಮುಂದೆ, ಒಬ್ಬನೇ! ನಾನೂ ಹಿಟ್ಟಿನ ಕೈಯಲ್ಲೇ ಬಂದು ನಿಂತೆ. ಬೆಟ್ಟದ ತುದಿ ಕಾಣುತ್ತಿತ್ತು. ಹಿಂದೆ ಅವನ ನಾಯಕ ಸೋತು ಹಿಂದುಳಿದಿದ್ದನಂತೆ. ತಂಡದ ಕಾರು ಪಕ್ಕಕ್ಕೆ ಬಂತು, ಕಾರಿನವ ಏನೋ ಹೇಳಿದ. ಅವನು ತುಳಿಯುವುದು ಬಿಟ್ಟ. ಒಂದು ಕಾಲು ನೆಲಕ್ಕೂರಿ ನಾಯಕನಿಗಾಗಿ ಕಾಯುತ್ತ ನಿಂತ. ಹಿಂದಿನವರೆಲ್ಲ ಅವನನ್ನು ದಾಟಿ ಹೋದರು. ಅದೇ ಅವನ ಕೊನೆಯ ವರ್ಷ. ಮತ್ತೆ ಅಂಥ ಬೆಟ್ಟ ಅವನಿಗೆ ಸಿಗಲಿಲ್ಲ.

ನನ್ನ ಗಂಡ ತಾಟು ಬಿಟ್ಟು ಎದ್ದು ನಿಂತರು. "ನಿಲ್ಲು ಅನ್ನಾಕ ಇವರ್ಯಾರು? ಇಷ್ಟ ವರ್ಷ ನೀರ ಹೊತ್ತಾನ, ಒಂದ ದಿನ ಅವನ ಪಾಡಿಗೆ ಅವನ್ನ ಬಿಟ್ರ ಇವರ ಗಂಟೇನ್ ಹೋಕ್ಕೈತಿ?"

"ಓಡೋ ಹೋರಿ ಹಗ್ಗ ಜಗ್ಗಬಾರ್ದು," ಎಂದರು ಮಾವ. ಅವರ ಕಣ್ಣಲ್ಲಿ ನೀರು.

ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗಲಿಕ್ಕಿಲ್ಲ ಎನಿಸಿತು. "ನಾಳೆ ನಾ ಹಾವೇರಿಗೆ ಹೋಗ್ತೇನ್ರಿ, ಒಪ್ಪಿಗಿ ಹೇಳಿ ಬರ್ತೇನಿ," ಎಂದೆ.

ಟೀವಿಯಿಂದ ಕಣ್ಣು ತೆಗೆಯಲಿಲ್ಲ ನನ್ನ ಗಂಡ. "ಈಗ ಬ್ಯಾಡ ಬಿಡ. ಅಪ್ಪನ ಹೊಸಾ ಹೋರಿ ಹಬ್ಬಕ್ಕ ತಯಾರ ಆಗಾಕತ್ತೈತಿ. ನೀ ತಿಳವಳ್ಳಿಗೆ ಹ್ವಾದ್ರ ಅದಕ್ಕ ಹುಳ್ಳಿ ಕುದಸೋರ್ಯಾರು? ಈ ಸಲದ ಹಬ್ಬ ಮುಗೀಲಿ, ಆಮ್ಯಾಲ ನೋಡೋಣ."

ಮೊದಲ ಸಲ ಮನುಷ್ಯರಿಗಾಗಿ ನಿಂತಿದ್ದೆ. ಈಗ ದನಕ್ಕಾಗಿ! ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುತ್ತಾರೆ. ನನ್ನ ಗಂಡ ಊರನ್ನೂ ದಾಟಿ ಕೊಲಂಬಿಯಾಕ್ಕೆ ಉಪಕಾರಿಯಾಗಿದ್ದರು. ಸಿಟ್ಟು ನೆತ್ತಿಗೇರಿತು.

"ನಿಲ್ಲು ಅನ್ನಾಕ ನೀವ್ಯಾರ್ರಿ?" ಎಂದೆ.

"ಹಂಗ ಕೇಳ್ಬೇಕ ನೋಡ ಆ ಕಾರಿನವಗ!" ಎಂದು ನನ್ನ ಗಂಡ ಹುರುಪಿನಿಂದ ತಲೆದೂಗಿದರು.

ಮಾವ ಮಾತ್ರ ತಿರುಗಿ ನನ್ನನ್ನು ನೋಡಿದರು.

ಬೆಳಗ್ಗೆ ನಾನು ಇಸ್ತ್ರಿ ಸೀರೆ ಉಟ್ಟು, ಚೀಲ ಹಿಡಿದು ಹೊರಟಾಗ ಗಂಡನಿಗೆ ಅರ್ಥವಾಯಿತು. ಬಾಗಿಲಿಗೆ ಅಡ್ಡ ನಿಂತು "ಹಬ್ಬ ಮುಗೀಲಿ ಅಂದಿದ್ನಿಲ್ಲ?" ಎಂದರು. ಮುಖ ಊದಿತ್ತು.

ಅಂಗಳದ ಒಲೆಯ ಮುಂದೆ ಮಾವ ಕುಕ್ಕರಗಾಲಲ್ಲಿ ಕೂತಿದ್ದರು. ಜನ್ಮದಲ್ಲಿ ಒಲೆ ಹಚ್ಚದ ಮನುಷ್ಯ, ಹೋರಿಗೆ ಹುರುಳಿ ಬೇಯಿಸುತ್ತಿದ್ದರು. ಅರ್ಧ ಸೀದು ವಾಸನೆ ಹೊಡೆಯುತ್ತಿತ್ತು. ಹೊಗೆಗೆ ಕೆಮ್ಮುತ್ತ ಅಲ್ಲಿಂದಲೇ ಗದರಿದರು:

"ಲೇ, ಹಾದಿ ಬಿಡೋ! ಹೋರಿ ಬರಾಕತ್ತೈತಿ, ಮುಟ್ಟೀ ಮತ್ತ!"

ಗಂಡ ಬಾಗಿಲು ಬಿಟ್ಟು ಗೋಡೆಗೆ ಆತು ನಿಂತರು. ನಾನು ನಿಲ್ಲಲಿಲ್ಲ.