ಗರಗಸದಂಚಿನ ರನ್‌ವೇ

ದಿಲ್ಲಿಯ ದ್ವಾರಕಾದಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊರಗೆ ಎದುರಿನ ಹಾಲಿನ ಬೂತ್ ಕೂಡ ಕಾಣದಷ್ಟು ಹೊಗೆಮಂಜು. ಒಳಗೆ, ಪೈಲಟ್ ತರಬೇತಿ ಕೇಂದ್ರವೊಂದರ ನೆಲಮಾಳಿಗೆಯಲ್ಲಿ, ಮೂರು ದೊಡ್ಡ ಪರದೆಗಳ ಮೇಲೆ ತೊಳೆದಿಟ್ಟಂಥ ನೀಲಿ ಆಕಾಶ. ಉಣ್ಣೆಯ ಶಾಲು ಹೊದ್ದ ಇಲ್ಲಿನ ತಂತ್ರಜ್ಞೆ ಚಂದ್ರಪ್ರಭಾ, ನೆಲದ ಮೇಲೇ ಹಾರಾಟ ಕಲಿಸುವ ಸಿಮ್ಯುಲೇಟರಿನ ಸೀಟಿನಲ್ಲಿ ಕೂತು ಹಿಡಿಕೆಯನ್ನು ಮೆಲ್ಲಗೆ ಎಳೆಯುತ್ತಾರೆ. ವಿಮಾನದ ಮೂಗು ಮೇಲೇಳಬೇಕು. ಏಳುತ್ತದೆ, ಆದರೆ ಏಳಲೋ ಬೇಡವೋ ಎಂದು ಯೋಚಿಸಿ ಎದ್ದಂತೆ.

"ನೋಡಿದ್ರಾ? ಮತ್ತೆ ಎಲ್ಲಾ ಏರಿಸಿಟ್ಟು ಹೋಗಿದಾರೆ," ಎಂದು ಪಕ್ಕದಲ್ಲಿ ನಿಂತ ನನ್ನ ಕಡೆ ತಿರುಗುತ್ತಾರೆ.

ಏರಿಸಿದವರು ಮಾಲೀಕ ಸೇಠಿ ಸಾಹೇಬರು. ಸಂಜೆ ಹೊಸ ವಿದ್ಯಾರ್ಥಿಗಳ ತಂದೆತಾಯಿ ನೋಡಲು ಬಂದಾಗ ಅವರು ಪರದೆಯ ಚಿತ್ರವನ್ನು ನಿಯಂತ್ರಿಸುವ ಗ್ರಾಫಿಕ್ಸ್ ಡ್ರೈವರ್ ಎಂಬ ತಂತ್ರಾಂಶದ ಸೆಟ್ಟಿಂಗುಗಳನ್ನೆಲ್ಲ ತುದಿಗೆ ಮುಟ್ಟಿಸುತ್ತಾರೆ. ಮೋಡ ಅರಳೆಯಂತಾಗುತ್ತದೆ, ರನ್‌ವೇಯ ಅಂಚು ಗೆರೆ ಎಳೆದಂತೆ ನುಣ್ಣಗಾಗುತ್ತದೆ. ಆದರೆ ಅಷ್ಟು ಚಂದ ಬಿಡಿಸುವಷ್ಟರಲ್ಲಿ ಹಳೆಯ ಗ್ರಾಫಿಕ್ಸ್ ಕಾರ್ಡಿಗೆ ಏದುಸಿರು. ಕೈ ಆಡಿದ ಮೇಲೆ ಚಿತ್ರ ಕದಲುವುದು ಒಂದು ಕ್ಷಣ ತಡ. ಬೆಳಿಗ್ಗೆ ಬಂದು ಅದನ್ನೆಲ್ಲ ಇಳಿಸುವುದು ಚಂದ್ರಪ್ರಭಾ ಅವರ ದಿನದ ಮೊದಲ ಕೆಲಸ.

ಇವತ್ತು ಅವಸರ ಹೆಚ್ಚು. ಅದಿತಿ ಎಂಬ ವಿದ್ಯಾರ್ಥಿನಿಗೆ ಲ್ಯಾಂಡಿಂಗ್ ಪರೀಕ್ಷೆ. ಹೋದ ಸಲ ಇದೇ ಪರದೆಯ ಮೇಲೆ ಅವಳ ವಿಮಾನ ರನ್‌ವೇಗೆ ಅಪ್ಪಳಿಸಿತ್ತು. ಇನ್ನೊಮ್ಮೆ ಹಾಗಾದರೆ ಬ್ಯಾಚಿನಿಂದ ಹೊರಗೆ.

"ಅವತ್ತು ನಾನು ಜ್ವರ ಅಂತ ಬಂದಿರ್ಲಿಲ್ಲ. ಸೆಟ್ಟಿಂಗ್ ಇಳಿಸೋರು ಯಾರೂ ಇರ್ಲಿಲ್ಲ. ತಪ್ಪು ಚಿತ್ರದ್ದೋ ಹುಡುಗಿದೋ, ದೇವರಾಣೆ ನಂಗೂ ಗೊತ್ತಿಲ್ಲ ನೋಡಿ."

ಚಂದ್ರಪ್ರಭಾ ಬೆಳೆದದ್ದು ದಿಲ್ಲಿಯದೇ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಹಾವೇರಿಯಿಂದ ಬಂದ ತಂದೆ ಸಚಿವಾಲಯದಲ್ಲಿ ಗುಮಾಸ್ತರಾಗಿದ್ದರು. ಹಾರ್ಡ್‌ವೇರ್ ಡಿಪ್ಲೊಮಾ ಮಾಡಿ, ನೆಹರೂ ಪ್ಲೇಸಿನ ಅಂಗಡಿಗಳಲ್ಲಿ ವರ್ಷಗಟ್ಟಲೆ ಕಂಪ್ಯೂಟರ್ ಬಿಚ್ಚಿ ಜೋಡಿಸಿ ಇಲ್ಲಿಗೆ ಬಂದವರು. ತಂದೆ ಈಗಿಲ್ಲ. ಪಾಲಂನ ಬಾಡಿಗೆ ಮನೆಯಲ್ಲಿ ಜೊತೆಗಿರುವುದು ತಾಯಿ ಸುಶೀಲಮ್ಮ. ಮಗಳ ಕೆಲಸ ಏನೆಂದು ಕೇಳಿದರೆ ಅವರಿಗೆ ನಗು. "ವಿಮಾನದ ಕೆಲಸ ಅಂತ ನೆಂಟರಿಗೆಲ್ಲ ಹೇಳ್ಕೊಂಡು ಬಂದೆ. ಹೋಗಿ ನೋಡಿದ್ರೆ ಟೀವಿ ಮುಂದೆ ಕೂರೋ ಕೆಲಸ!"

ಕೂತು ಕೂತು ಮಗಳ ಬೆನ್ನು ಸೋತಿದೆ, ಕಣ್ಣು ಉರಿಯುತ್ತದೆ. ಅಂದ ಹಾಗೆ, ಈ ಸೆಟ್ಟಿಂಗುಗಳನ್ನು ತಿರುವಿದರೆ ಚಿತ್ರ ನಿಜವಾಗಿ ಸುಧಾರಿಸುತ್ತದೆಯೇ?

"ಒಂದೋ ಎರಡೋ ತಿರುವಿದ್ರೆ ಕಾಣತ್ತೆ. ಮಿಕ್ಕಿದ್ದೆಲ್ಲ ನಮ್ಮ ಸಮಾಧಾನಕ್ಕೆ. ಸಿಮ್ಯುಲೇಟರ್ ಒಂದು ಹೇಳತ್ತೆ, ಡ್ರೈವರ್ ಇನ್ನೊಂದು ಹೇಳತ್ತೆ, ಅತ್ತೆ ಸೊಸೆ ಥರ. ಎಷ್ಟೋ ಸಲ ಬದಲಾಯಿಸಿ, ಕಣ್ಣು ಕಿರಿದು ಮಾಡ್ಕೊಂಡು ನೋಡ್ತಾ ಕೂತಿರ್ತೀನಿ. ಏನು ಬದಲಾಯ್ತು ಅಂತ ನಂಗೇ ತಿಳಿಯಲ್ಲ."

ತಿಳಿಯುವುದು ಒಂದೇ, ಕೈಗೂ ಚಿತ್ರಕ್ಕೂ ನಡುವಿನ ತಡ. ನುಣುಪನ್ನು ಇಳಿಸುತ್ತಾರೆ. ಮೋಡ ಚಪ್ಪಟೆಯಾಗುತ್ತದೆ, ರನ್‌ವೇಯ ಅಂಚಿಗೆ ಗರಗಸದ ಹಲ್ಲು ಬರುತ್ತದೆ. ಮತ್ತೆ ಹಿಡಿಕೆ ಎಳೆಯುತ್ತಾರೆ. ಈ ಸಲ ಮೂಗು ಕೈಯ ಜೊತೆಗೇ ಏಳುತ್ತದೆ.

"ಹಾಂ. ಈಗ ಬರ್ಲಿ ಹುಡುಗಿ."

ಪರೀಕ್ಷೆ ನಡೆಯುವಾಗ ಅವರು ಒಳಗಿರುವಂತಿಲ್ಲ. ಹೊರಗಿನ ಬೆಂಚಿನಲ್ಲಿ ಚಹಾ ಹಿಡಿದು ಕೂತಿರುತ್ತಾರೆ. ಕುಡಿಯುವುದಿಲ್ಲ. ಬಾಗಿಲು ತೆರೆದಾಗ ಅದಿತಿಯ ಮುಖ ಅರಳಿದೆ. "ಆಂಟಿ, ಹೋ ಗಯಾ! ಪಾಸ್! ಎಷ್ಟು ಸಾಫ್ಟ್ ಆಗಿ ಇಳೀತು ಗೊತ್ತಾ?" ಆಮೇಲೆ ನೆನಪಾದಂತೆ ಮೂಗು ಮುರಿಯುತ್ತಾಳೆ. "ಬಟ್ ಆಂಟಿ, ಇವತ್ತು ಪಿಕ್ಚರ್ ಏಕ್‌ದಮ್ ಬೇಕಾರ್ ಇತ್ತು. ಸ್ವಲ್ಪ ಸರಿ ಮಾಡಿ ಪ್ಲೀಸ್."

"ಹೌದಮ್ಮ, ಹಲ್ಲುಹಲ್ಲಾಗಿತ್ತು," ಎನ್ನುತ್ತಾರೆ ಚಂದ್ರಪ್ರಭಾ. ಆರಿದ ಚಹಾವನ್ನು ಈಗ ಒಂದೇ ಗುಟುಕಿಗೆ ಮುಗಿಸುತ್ತಾರೆ.

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಸೇಠಿ ಸಾಹೇಬರ ದನಿ, ಸಂಜೆ ಮತ್ತೆ ತಂದೆತಾಯಿಗಳು ಬರುತ್ತಾರಂತೆ. "ಮೇಡಂಜೀ, ಶಾಮ್ ಕೋ ಪೇರೆಂಟ್ಸ್ ಆ ರಹೇ ಹೈಂ!"

"ಅಚ್ಛಾ ಸರ್," ಎಂದು ಇವರು ಶಾಲು ಸರಿಮಾಡಿಕೊಂಡು ಏಳುತ್ತಾರೆ.

ನಿಮಗೇನು ಆಸೆ ಎಂದು ಹೊರಡುವ ಮುನ್ನ ಕೇಳಿದೆ. ಒಳಗೆ ಹೋಗಿ ಪರದೆಯ ಧೂಳು ಒರೆಸುತ್ತ ಹೇಳಿದರು.

"ದೊಡ್ಡದೇನಿಲ್ಲ. ಒಂದು ದಿನ ಬೆಳಿಗ್ಗೆ ಬಂದಾಗ, ಹಿಂದಿನ ದಿನ ನಾನು ಬಿಟ್ಟು ಹೋದ ಹಾಗೇ ಇರ್ಬೇಕು. ಸುಮ್ನೆ ಕೂತು, ನಾನೂ ಒಂದು ಸಲ ವಿಮಾನ ಇಳಿಸಿ ನೋಡ್ತೀನಿ."